ಡಿಎನ್‌ಎಗೆ ಮೀನಿನ ಹೆಸರು ಹೇಳಿಕೊಟ್ಟವರು ಯಾರು?

ಮಾನ್ಯ ಸಂಪಾದಕರೇ,

ಸಮುದ್ರದ ಮೀನಿನ ವ್ಯಾಪಾರದಲ್ಲಿ ನಡೆಯುವ ಮೋಸವನ್ನು ಡಿಎನ್‌ಎ ಪರೀಕ್ಷೆ ಹೇಗೆ ಹಿಡಿಯುತ್ತದೆ ಎಂಬ ಲೇಖನ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಚೆನ್ನಾಗಿತ್ತು. ಆದರೆ ಓದಿ ಮುಗಿಸಿದವರಿಗೆ, ಮೀನಿನ ಒಂದು ಚೂರನ್ನು ಯಂತ್ರಕ್ಕೆ ಹಾಕಿದರೆ ಸಾಕು, ಅದು ತಾನಾಗಿಯೇ ಹೆಸರು ಹೇಳಿಬಿಡುತ್ತದೆ ಅನ್ನಿಸುವಂತಿತ್ತು. ಹಾಗಿಲ್ಲ ಸ್ವಾಮಿ. ಯಂತ್ರಕ್ಕೆ ಯಾವ ಮೀನಿನ ಹೆಸರೂ ಗೊತ್ತಿಲ್ಲ. ಅದು ನಾಲ್ಕೇ ಅಕ್ಷರಗಳು ಮತ್ತೆ ಮತ್ತೆ ಬರುವ ಒಂದು ಉದ್ದನೆಯ ಸಾಲನ್ನು ಓದಿ ಕೊಡುತ್ತದೆ, ಅಷ್ಟೇ. ಆ ಸಾಲು ಯಾವ ಮೀನಿನದು ಎಂದು ಹೇಳಬೇಕಾದರೆ, ಅದಕ್ಕೂ ಮೊದಲು ಎಲ್ಲೋ ಒಬ್ಬರು ಇಡೀ ಮೀನನ್ನು ಕೈಯಲ್ಲಿ ಹಿಡಿದು, ರೆಕ್ಕೆಯ ಮುಳ್ಳು ಎಣಿಸಿ, ಹುರುಪೆ ಎಣಿಸಿ, ಕಿವಿರು ಎತ್ತಿ ನೋಡಿ, ಹಳೆಯ ವಿವರಣೆಗಳ ಜೊತೆ ಹೋಲಿಸಿ ಹೆಸರು ಬರೆದಿಟ್ಟಿರಬೇಕು. ಲೇಖನದಲ್ಲಿ ಆ ಜನರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ. ಉದ್ದ ಜಾಸ್ತಿಯಾಗಿದೆ, ಕತ್ತರಿ ಹಾಕಲೇಬೇಕಾದರೆ ಹಾಕಿ, ಟ್ಯೂನಾ ಬಗ್ಗೆ ಬರೆದಿರುವುದನ್ನು ಮಾತ್ರ ಮುಟ್ಟಬೇಡಿ.

ಮೊದಲು ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಚುಟುಕಾಗಿ ಹೇಳುತ್ತೇನೆ. ಮೀನಿನ ಮಾಂಸದ ಅಥವಾ ರೆಕ್ಕೆಯ ಸಣ್ಣ ಚೂರು ಸಾಕು. ಅದರಿಂದ ಡಿಎನ್‌ಎ ಬೇರ್ಪಡಿಸಿ, ಒಂದು ನಿರ್ದಿಷ್ಟ ಭಾಗವನ್ನು ಮಾತ್ರ ಪಿಸಿಆರ್ ಮಾಡಿ ಕೋಟಿಗಟ್ಟಲೆ ಪ್ರತಿಗಳಾಗಿ ಹೆಚ್ಚಿಸಿ, ಆಮೇಲೆ ಓದುತ್ತಾರೆ. ಸಾಮಾನ್ಯವಾಗಿ ಓದುವುದು ಸಿಒಐ ಎಂಬ ಜೀನಿನ ಸುಮಾರು 650 ಅಕ್ಷರಗಳನ್ನು. ಇದು ಜೀವಕೋಶದ ನ್ಯೂಕ್ಲಿಯಸ್ಸಿನ ಡಿಎನ್‌ಎಯಲ್ಲಿ ಇರುವುದಲ್ಲ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಒಳಗೆ ಇರುವುದು. ಒಂದೊಂದು ಕೋಶದಲ್ಲಿ ಇದರ ನೂರಾರು, ಸಾವಿರಾರು ಪ್ರತಿಗಳು ಇರುತ್ತವೆ. ಹಾಗಾಗಿ ಚೂರು ಸ್ವಲ್ಪ ಹಾಳಾಗಿದ್ದರೂ ಏನಾದರೂ ಸಿಗುತ್ತದೆ. ಪ್ರಾಣಿಗಳನ್ನೆಲ್ಲ ಈ ಒಂದೇ ತುಣುಕಿನಿಂದ ಗುರುತಿಸಬಹುದು ಎಂದು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ಮತ್ತು ಜೊತೆಗಾರರು 2003ರಲ್ಲಿ ಬರೆದರು. ಡಿಎನ್‌ಎ ಬಾರ್‌ಕೋಡ್ ಎಂಬ ಹೆಸರು ಅಲ್ಲಿಂದ ಎಲ್ಲರ ಬಾಯಿಗೆ ಬಂತು. ಎರಡೇ ವರ್ಷದಲ್ಲಿ, 2005ರಲ್ಲಿ, ಆಸ್ಟ್ರೇಲಿಯಾದ ಸಂಶೋಧಕರು 207 ಜಾತಿಯ ಮೀನುಗಳ ಮೇಲೆ ಇದನ್ನು ಪ್ರಯೋಗಿಸಿ ನೋಡಿದರು. ಒಂದೇ ಜಾತಿಯ ಮೀನುಗಳ ನಡುವೆ ಸರಾಸರಿ ವ್ಯತ್ಯಾಸ ಶೇ 0.39. ಒಂದೇ ಕುಲದ ಬೇರೆ ಬೇರೆ ಜಾತಿಗಳ ನಡುವೆ ಹೆಚ್ಚುಕಡಿಮೆ ಶೇ 10. ಇಷ್ಟು ಅಂತರ ಇದ್ದ ಮೇಲೆ ಕೆಲಸ ಸುಲಭ ಅಲ್ವಾ? ಬಹಳಷ್ಟು ಮೀನುಗಳ ಮಟ್ಟಿಗೆ ಸುಲಭವೇ. ಸಮಸ್ಯೆ ಇರುವುದು ಆ ಸರಾಸರಿಯ ಹೊರಗೆ ಉಳಿಯುವ ಮೀನುಗಳಲ್ಲಿ, ಮತ್ತು ವ್ಯಾಪಾರದಲ್ಲಿ ಬೆಲೆಬಾಳುವ ಎಷ್ಟೋ ಮೀನುಗಳು ಅಲ್ಲೇ ಇವೆ.

ಮೋಸದ ಕಥೆಗಳನ್ನು ನಿಮ್ಮ ಲೇಖನವೇ ಹೇಳಿದೆ, ನಾನು ಎಳೆಯುವುದಿಲ್ಲ. ಅಮೆರಿಕದಲ್ಲಿ ರೆಡ್ ಸ್ನ್ಯಾಪರ್ ಎಂದು ಮಾರುವ ಮೀನಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಬೇರೆಯೇ ಮೀನು ಎಂದು 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿತ್ತು. ಆಗ ನೋಡಿದ ಮಾದರಿಗಳು ಕಡಿಮೆ. ಆಮೇಲೆ ಓಷಿಯಾನಾ ಎಂಬ ಸಂಸ್ಥೆ 2010ರಿಂದ 2012ರವರೆಗೆ ಅಮೆರಿಕದಾದ್ಯಂತ 1,215 ಮಾದರಿ ಸಂಗ್ರಹಿಸಿ ನೋಡಿತು. ಮೂರರಲ್ಲಿ ಒಂದಕ್ಕೆ ತಪ್ಪು ಹೆಸರು. ಅದರಲ್ಲೂ ರೆಡ್ ಸ್ನ್ಯಾಪರ್ ಹೆಸರಿನ 120 ಮಾದರಿಗಳಲ್ಲಿ ನಿಜವಾದದ್ದು 7 ಮಾತ್ರ! ಅಲ್ಲಿನ ಆಹಾರ ಇಲಾಖೆಯಾದ ಎಫ್‌ಡಿಎ 2011ರಿಂದ ಇದೇ ಬಾರ್‌ಕೋಡ್ ವಿಧಾನವನ್ನು ಅಧಿಕೃತವಾಗಿ ಬಳಸುತ್ತಿದೆ. ಅದಕ್ಕೂ ಮೊದಲು ಪ್ರೊಟೀನುಗಳನ್ನು ಜೆಲ್‌ನಲ್ಲಿ ಓಡಿಸಿ, ಮೂಡುವ ಪಟ್ಟೆಗಳನ್ನು ನೋಡಿ ಗುರುತಿಸುತ್ತಿದ್ದರು. ಮೀನನ್ನು ಬೇಯಿಸಿದರೆ ಪ್ರೊಟೀನಿನ ರೂಪವೇ ಕೆಡುತ್ತಿತ್ತು, ಪರೀಕ್ಷೆ ಅಲ್ಲಿಗೆ ಮುಗಿಯಿತು.

ದುಡ್ಡಿನ ನಷ್ಟ ಬಿಡಿ, ಆರೋಗ್ಯದ ವಿಷಯವೂ ಇದೆ. 2007ರಲ್ಲಿ ಷಿಕಾಗೋದಲ್ಲಿ ಮಾಂಕ್‌ಫಿಶ್ ಎಂದು ಕೊಂಡು ತಿಂದವರು ಆಸ್ಪತ್ರೆ ಸೇರಿದರು. ಡಿಎನ್‌ಎ ನೋಡಿದರೆ ಅದು ಪಫರ್ ಮೀನು. ಅದರ ಟೆಟ್ರೊಡೊಟಾಕ್ಸಿನ್ ಎಂಬ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ತಲೆ, ಚರ್ಮ ತೆಗೆದು ಹೆಪ್ಪುಗಟ್ಟಿಸಿದ ತುಂಡನ್ನು ನೋಡಿ ಇದು ಪಫರ್ ಎಂದು ಹೇಳಲು ಯಾರಿಗೂ ಆಗುತ್ತಿರಲಿಲ್ಲ. ಎಸ್ಕೊಲಾರ್ ಎಂಬ ಮೀನಿನ ಕಥೆ ಇಷ್ಟು ಭಯಾನಕವಲ್ಲ, ಆದರೆ ಮುಜುಗರದ್ದು. ಅದರ ಮಾಂಸದಲ್ಲಿರುವ ಮೇಣದಂಥ ಕೊಬ್ಬು ನಮಗೆ ಜೀರ್ಣವಾಗುವುದಿಲ್ಲ, ಎಣ್ಣೆಯ ಭೇದಿಯಾಗಿ ಹೊರಗೆ ಬರುತ್ತದೆ. ಜಪಾನ್ ಮತ್ತು ಇಟಲಿ ಇದರ ಮಾರಾಟವನ್ನೇ ನಿಷೇಧಿಸಿವೆ. ಬೇರೆ ಕಡೆ ಇದು ಬಿಳಿ ಟ್ಯೂನಾ ಎಂಬ ಹೆಸರಲ್ಲಿ ತಟ್ಟೆಗೆ ಬಂದದ್ದು ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ.

ಇಷ್ಟೆಲ್ಲ ಇದ್ದರೂ, ನನ್ನನ್ನು ಕೇಳಿದರೆ ಈ ತಂತ್ರದ ದೊಡ್ಡ ಉಪಯೋಗ ಅಂಗಡಿಯಲ್ಲಿಲ್ಲ, ಸಮುದ್ರದಲ್ಲಿ ಉಳಿದಿರುವ ಮೀನಿನ ಲೆಕ್ಕ ಹಾಕುವುದರಲ್ಲಿದೆ. ಯಾರೂ ಮೋಸ ಮಾಡದೆ, ಎಲ್ಲರೂ ಪ್ರಾಮಾಣಿಕವಾಗಿ ಬರೆದ ಲೆಕ್ಕವೂ ಪೂರ್ತಿ ತಪ್ಪಾಗಿರಬಹುದು. ಇದಕ್ಕೆ ಯುರೋಪಿನ ಕಾಮನ್ ಸ್ಕೇಟ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸ್ಕೇಟ್ ಎಂದರೆ ನೋಡಲು ತೊರಕೆಯ ಹಾಗೇ ಇರುವ, ಅದರ ಹತ್ತಿರದ ಸಂಬಂಧಿ. ಈ ಮೀನುಗಳಿಗೆ 19ನೇ ಶತಮಾನದಲ್ಲಿ ಬೇರೆ ಬೇರೆ ಹೆಸರುಗಳಿದ್ದವು. 1926ರಲ್ಲಿ ಕ್ಲಾರ್ಕ್ ಎಂಬ ವಿಜ್ಞಾನಿ ಇವೆಲ್ಲ ಒಂದೇ ಎಂದು ತೀರ್ಮಾನಿಸಿ ಡಿಪ್ಟುರಸ್ ಬಾಟಿಸ್ ಎಂದು ನಾವು ಈಗ ಕರೆಯುವ ಒಂದೇ ಜಾತಿಗೆ ಸೇರಿಸಿಬಿಟ್ಟರು. ಅದಾದ ಮೇಲೆ ಎಂಬತ್ತಕ್ಕೂ ಹೆಚ್ಚು ವರ್ಷ ಹಿಡಿದ ಮೀನು, ತೂಕ ಮಾಡಿದ ಮೀನು, ಮಾರಿದ ಮೀನು ಎಲ್ಲಾ ಒಂದೇ ಹೆಸರಿನ ಕೆಳಗೆ. 2010ರ ಆಸುಪಾಸಿನಲ್ಲಿ ಫ್ರಾನ್ಸಿನ ಒಂದು ತಂಡವೂ ಬ್ರಿಟನ್ನಿನ ಇನ್ನೊಂದು ತಂಡವೂ ದೇಹದ ಅಳತೆ, ಡಿಎನ್‌ಎ ಎರಡನ್ನೂ ನೋಡಿ, ಇವು ಎರಡು ಜಾತಿ ಎಂದು ತೋರಿಸಿದವು. ಒಂದು ಎರಡು ಮೀಟರಿಗೂ ಮೀರಿ ಬೆಳೆಯುವ ದೊಡ್ಡ ಮೀನು, ಮೊಟ್ಟೆ ಇಡುವ ವಯಸ್ಸಿಗೆ ಬರಲು ಬಹಳ ವರ್ಷ ಬೇಕು. ಇನ್ನೊಂದು ಚಿಕ್ಕದು, ಬೇಗ ಬಲಿಯುತ್ತದೆ. ಎರಡರ ಲೆಕ್ಕವನ್ನೂ ಒಟ್ಟಿಗೆ ಬರೆದರೆ ಏನಾಗುತ್ತದೆ ಹೇಳಿ. ಅಣ್ಣತಮ್ಮಂದಿರ ಜಂಟಿ ಖಾತೆಯಂತೆ, ಒಬ್ಬನ ದುಡ್ಡು ಖಾಲಿಯಾಗುತ್ತಾ ಹೋದರೂ ಇನ್ನೊಬ್ಬನ ದುಡ್ಡು ಇರುವವರೆಗೆ ಪಾಸ್‌ಬುಕ್ಕಿನಲ್ಲಿ ಏನೂ ಕಾಣುವುದಿಲ್ಲ. ದೊಡ್ಡ ಸ್ಕೇಟ್ ಸಮುದ್ರದ ಎಷ್ಟೋ ಭಾಗಗಳಿಂದ ಹಾಗೆಯೇ ಮಾಯವಾಯಿತು.

ಇದರಲ್ಲಿ ಇನ್ನೊಂದು ಮಜಾ ಇದೆ. ಎರಡು ಜಾತಿ ಎಂದು ಗೊತ್ತಾದ ಮೇಲೆ ಮತ್ತೆ ಮೀನನ್ನು ನೋಡಿದರೆ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ! ಅಕ್ಷರಶಃ ಕಣ್ಣಿಗೆ: ಒಂದರ ಕಣ್ಣಿನ ಬಣ್ಣ ಕಡು ಹಸಿರು, ಇನ್ನೊಂದರದು ತಿಳಿ ಹಳದಿ. ಮೀನು ತಾಜಾ ಇದ್ದರೆ ದೋಣಿಯ ಮೇಲೆಯೇ ಹೇಳಬಹುದು. ಡಿಎನ್‌ಎ ಇಲ್ಲಿ ಮಾಡಿದ್ದು ಕಣ್ಣಿನ ಕೆಲಸವನ್ನು ಕಿತ್ತುಕೊಂಡದ್ದಲ್ಲ, ಎಲ್ಲಿ ನೋಡಬೇಕು ಎಂದು ತೋರಿಸಿಕೊಟ್ಟದ್ದು. ಲ್ಯಾಬ್ ಕಟ್ಟಿದರೆ ಸಾಕು, ಮೀನು ಗುರುತಿಸುವವರು ಬೇಡ ಎನ್ನುವವರಿಗೆ ಇದನ್ನು ಹೇಳಬೇಕು.

ಈಗ ಟ್ಯೂನಾ. ಥುನ್ನಸ್ ಕುಲದಲ್ಲಿ 8 ಜಾತಿಗಳಿವೆ, ಜಗತ್ತಿನ ಅತಿ ದುಬಾರಿ ಮೀನುಗಳು ಇದರಲ್ಲಿವೆ. ಯೆಲ್ಲೋಫಿನ್ ಮತ್ತು ಬಿಗ್‌ಐ ದೊಡ್ಡದಾದ ಮೇಲೆ ಗುರುತಿಸುವುದು ಅಷ್ಟು ಕಷ್ಟವಲ್ಲ. ಮರಿಗಳು ಮಾತ್ರ ಒಂದೇ ಅಚ್ಚು. ತೇಲುವ ವಸ್ತುಗಳ ಕೆಳಗೆ ಈ ಮರಿಗಳು ಒಟ್ಟೊಟ್ಟಿಗೆ ಸೇರುತ್ತವೆ, ದೊಡ್ಡ ಸುತ್ತುಬಲೆಗಳಿಗೆ ಒಟ್ಟಿಗೆ ಬೀಳುತ್ತವೆ, ಜೊತೆಗೆ ಸ್ಕಿಪ್‌ಜಾಕ್ ಎಂಬ ಇನ್ನೊಂದು ಟ್ಯೂನಾ ಕೂಡ. ಟನ್‌ಗಟ್ಟಲೆ ಮೀನು ನೇರವಾಗಿ ಉಪ್ಪುನೀರಿನ ಶೈತ್ಯ ಟ್ಯಾಂಕಿಗೆ ಹೋಗುವಾಗ ಯಾವ ಮರಿ ಯಾವುದು ಎಂದು ಯಾರು ನೋಡುತ್ತಾರೆ? ಹೊಟ್ಟೆ ಸೀಳಿ ನೋಡಿದರೆ ಗೊತ್ತಾಗುತ್ತದೆ, ಬಿಗ್‌ಐ ಮೀನಿನ ಯಕೃತ್ತಿನ ಮೇಲೆ ಗೆರೆಗಳಿರುತ್ತವೆ, ಯೆಲ್ಲೋಫಿನ್‌ದು ನುಣುಪು. ಆದರೆ ಎಷ್ಟು ಹೊಟ್ಟೆ ಸೀಳುತ್ತೀರಿ? ಸುಮ್ನೆ ಎಲ್ಲವನ್ನೂ ಯೆಲ್ಲೋಫಿನ್ ಎಂದು ಬರೆದರೆ ಬಿಗ್‌ಐ ಮರಿಗಳು ಎಷ್ಟು ಹೋದವು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿ ಡಿಎನ್‌ಎ ಮಾದರಿಗಳು ನಿಜಕ್ಕೂ ಕೆಲಸಕ್ಕೆ ಬರುತ್ತವೆ.

ಆದರೆ ಇದೇ ಟ್ಯೂನಾ, ಬಾರ್‌ಕೋಡ್‌ನ ಮಿತಿಯನ್ನೂ ತೋರಿಸುತ್ತದೆ. ಈ ಜಾತಿಗಳು ಒಂದರಿಂದ ಒಂದು ಬೇರೆಯಾಗಿ ವಿಕಾಸದ ಲೆಕ್ಕದಲ್ಲಿ ತುಂಬಾ ಕಾಲವಾಗಿಲ್ಲ. ಮೇಲೆ ಹೇಳಿದ ಶೇ 10 ಅಂತರ ಇಲ್ಲಿಲ್ಲ, 650 ಅಕ್ಷರಗಳಲ್ಲಿ ಕೆಲವೇ ಕೆಲವು ಅಕ್ಷರ ಬೇರೆ. ಹಾಗಾಗಿ ಶೇಕಡಾವಾರು ಹೋಲಿಕೆ ನೋಡಿ ಹೆಸರು ಹೇಳುವ ಕಂಪ್ಯೂಟರ್ ಪ್ರೋಗ್ರಾಂ ನಾಲ್ಕೈದು ಟ್ಯೂನಾ ಹೆಸರುಗಳನ್ನು ಒಟ್ಟಿಗೆ ಮುಂದಿಡುತ್ತದೆ. ಯಾವ ಜಾಗದ ಅಕ್ಷರ ಯಾವ ಜಾತಿಯದು ಎಂದು ಒಂದೊಂದಾಗಿ ನೋಡಬೇಕು. ಇನ್ನೂ ಒಂದು ತೊಡಕಿದೆ. ಮೈಟೋಕಾಂಡ್ರಿಯಾ ಬರುವುದು ತಾಯಿಯಿಂದ ಮಾತ್ರ. ಹಿಂದೆ ಯಾವಾಗಲೋ ಎರಡು ಜಾತಿ ಬೆರೆತು, ಒಂದರ ಮೈಟೋಕಾಂಡ್ರಿಯಾ ಇನ್ನೊಂದರ ವಂಶದಲ್ಲಿ ಉಳಿದುಬಿಟ್ಟಿದ್ದರೆ, ಬಾರ್‌ಕೋಡ್ ಆ ಹಳೆಯ ತಾಯಿಯ ಹೆಸರನ್ನೇ ಹೇಳುತ್ತದೆ. ಅಟ್ಲಾಂಟಿಕ್ ಬ್ಲೂಫಿನ್ ಟ್ಯೂನಾಗಳಲ್ಲಿ ಕೆಲವಕ್ಕೆ ಹೀಗೆ ಆಲ್ಬಕೋರ್ ಎಂಬ ಇನ್ನೊಂದು ಟ್ಯೂನಾದಂಥ ಮೈಟೋಕಾಂಡ್ರಿಯಾ ಇದೆ. ಮೀನು ಬ್ಲೂಫಿನ್ನೇ, ಮಾರುವವನದು ತಪ್ಪಿಲ್ಲ, ವರದಿ ಮಾತ್ರ ಬೇರೆ ಹೇಳುತ್ತದೆ. ಅದಕ್ಕಾಗಿಯೇ ಟ್ಯೂನಾ ವಿಷಯದಲ್ಲಿ ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿರುವ ಐಟಿಎಸ್1 ಎಂಬ ಭಾಗವನ್ನೂ ಓದಿ ತಾಳೆ ನೋಡುತ್ತಾರೆ. ಒಂದೇ ಜೀನಿನ ವರದಿ ಹಿಡಿದು ವ್ಯಾಪಾರಿಯ ಮೇಲೆ ಕೇಸು ಹಾಕಿದರೆ, ಅವರ ಪರ ವಾದಿಸುವ ಜಾಣ ವಕೀಲರಿಗೆ ಇಷ್ಟು ಸಾಕು. ಸೆಬಾಸ್ಟಿಸ್ ಕುಲದ ರಾಕ್‌ಫಿಶ್‌ಗಳಲ್ಲೂ ಇದೇ ಗೋಳು, ನೂರಕ್ಕೂ ಹೆಚ್ಚು ಜಾತಿಗಳಿವೆ, ಬಾರ್‌ಕೋಡ್ ಹಲವನ್ನು ಬೇರ್ಪಡಿಸಲಾರದು.

ನಾನು ಮೊದಲು ಎತ್ತಿದ ಪ್ರಶ್ನೆಗೆ ಬರುತ್ತೇನೆ. ಓದಿದ ಅಕ್ಷರಗಳನ್ನು ಹೋಲಿಸಿ ನೋಡುವುದು ಬೋಲ್ಡ್, ಜೆನ್‌ಬ್ಯಾಂಕ್ ಎಂಬ ದೊಡ್ಡ ಡೇಟಾಬೇಸ್‌ಗಳ ಜೊತೆ. ಜಗತ್ತಿನ ಎಲ್ಲಾ ಕಡೆಯ ಸಂಶೋಧಕರು ಅಲ್ಲಿ ತಮ್ಮ ದಾಖಲೆಗಳನ್ನು ಹಾಕುತ್ತಾರೆ. ಹಾಕುವವರು ಮೀನನ್ನು ತಪ್ಪಾಗಿ ಗುರುತಿಸಿದ್ದರೆ? ತಪ್ಪು ಹೆಸರಿನ ದಾಖಲೆ ಅಲ್ಲೇ ಕೂರುತ್ತದೆ, ಮುಂದಿನವರು ಅದರ ಜೊತೆ ಹೋಲಿಸಿ ಅದೇ ಹೆಸರು ಕೊಡುತ್ತಾರೆ, ಅವರ ದಾಖಲೆಯೂ ಅಲ್ಲಿ ಸೇರುತ್ತದೆ, ಈಗ ಎರಡು ದಾಖಲೆ ಒಂದನ್ನೊಂದು ಸಮರ್ಥಿಸುತ್ತವೆ. ಹೋಲಿಕೆ ಶೇ 100 ಎಂದು ವರದಿ ಬರುತ್ತದೆ. ಶೇ 100 ಎಂದರೆ ಆ ದಾಖಲೆಯ ಜೊತೆ ಶೇ 100, ಆ ಹೆಸರಿನ ಜೊತೆ ಅಲ್ಲ. ಮಾಂಜಿ ಮೀನಿನ ಪಾಂಪಸ್ ಕುಲದಲ್ಲಿ ಈ ಗೊಂದಲ ವರ್ಷಗಟ್ಟಲೆ ನಡೆಯಿತು. ಬೆಳ್ಳಿ ಮಾಂಜಿ ಎಂದರೆ ಪಾಂಪಸ್ ಅರ್ಜೆಂಟಿಯಸ್ ಎಂದು ಎಲ್ಲರೂ ಕಣ್ಣುಮುಚ್ಚಿ ಬರೆದರು. ಡೇಟಾಬೇಸ್‌ನಲ್ಲಿ ಆ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಜಾತಿಯ ಡಿಎನ್‌ಎ ತುಂಬಿಕೊಂಡಿತು. ಉತ್ತರ ಹಿಂದೂ ಮಹಾಸಾಗರದ ಬೆಳ್ಳಿ ಮಾಂಜಿ ಅದಲ್ಲ, ಫ್ರಾನ್ಸಿನ ಪ್ರಾಣಿವಿಜ್ಞಾನಿ ಕ್ಯುವಿಯೆ 19ನೇ ಶತಮಾನದಲ್ಲಿ ಹೆಸರಿಟ್ಟಿದ್ದ ಪಾಂಪಸ್ ಕ್ಯಾಂಡಿಡಸ್ ಎಂದು ಆಮೇಲೆ ತೋರಿಸಿದ್ದು ಹೇಗೆ? ಮತ್ತೆ ಮೀನಿನ ಮುಂದೆ ಕೂತು, ಮುಳ್ಳು ಎಣಿಸಿ, ಡಿಎನ್‌ಎಯನ್ನೂ ಪಕ್ಕದಲ್ಲಿಟ್ಟು ನೋಡಿಯೇ.

ಬೂದು ಮಲ್ಲೆಟ್ ಕಥೆ ಇನ್ನೂ ದೊಡ್ಡದು. ಮುಗಿಲ್ ಸೆಫಾಲಸ್ ಎಂಬ ಒಂದೇ ಹೆಸರಿನಲ್ಲಿ ಜಗತ್ತಿನ ಬಿಸಿ ಸಮುದ್ರಗಳಲ್ಲೆಲ್ಲ ಹಿಡಿಯುವ ಮೀನು ಅದು, ಮೊಟ್ಟೆಗೆ ಭಾರೀ ಬೇಡಿಕೆ. ಡಿಎನ್‌ಎ ನೋಡಿದರೆ ಅದರೊಳಗೆ ಹನ್ನೆರಡಕ್ಕೂ ಹೆಚ್ಚು ಬೇರೆ ಬೇರೆ ವಂಶಗಳು. ಪೆಸಿಫಿಕ್ ಸಾಗರದ ವಾಯವ್ಯ ಭಾಗದಲ್ಲೇ ಮೂರು ಒಟ್ಟಿಗೆ ಇವೆ, ಒಂದರ ಜೊತೆ ಒಂದು ಕೂಡುವುದಿಲ್ಲ. ಇವಕ್ಕೆಲ್ಲ ಹೆಸರು ಯಾರು ಇಡಬೇಕು? ಲ್ಯಾಬಿನಲ್ಲಿ ಸಂಖ್ಯೆ ಕೊಟ್ಟು ಸುಮ್ಮನಾಗಬಹುದು. ಆದರೆ ಸಂಖ್ಯೆಗೆ ಕಾನೂನಿನ ರಕ್ಷಣೆ ಸಿಗುವುದಿಲ್ಲ, ಲೇಬಲ್ ಮೇಲೆ ಸಂಖ್ಯೆ ಹಾಕಲು ಆಗುವುದಿಲ್ಲ.

ಉಲ್ಟಾ ಕೂಡ ಆಗುತ್ತದೆ ಎಂಬುದನ್ನೂ ಹೇಳಬೇಕು. ನಾರ್ವೆಯ ಪೊಲಾಕ್ ಎಂದು ಬೇರೆ ಹೆಸರಿಟ್ಟು, ಅಪರೂಪದ ಜಾತಿ ಎಂದು ನಂಬಿದ್ದ ಮೀನು, ಡಿಎನ್‌ಎ ನೋಡಿದಾಗ ಲಕ್ಷಗಟ್ಟಲೆ ಟನ್ ಹಿಡಿಯುವ ಅಲಾಸ್ಕಾ ಪೊಲಾಕೇ ಎಂದು ತಿಳಿಯಿತು. ಆಳ ಸಮುದ್ರದಲ್ಲಂತೂ ಮೂರು ಬೇರೆ ಬೇರೆ ಕುಟುಂಬಗಳೆಂದು ದಶಕಗಟ್ಟಲೆ ಬರೆದಿದ್ದ ಮೀನುಗಳು ಒಂದೇ ಕುಟುಂಬದ ಮರಿ, ಗಂಡು ಮತ್ತು ಹೆಣ್ಣು ಎಂದು 2009ರಲ್ಲಿ ಗೊತ್ತಾಯಿತು. ಅದನ್ನು ಯಾರೂ ಮಾರುವುದಿಲ್ಲ, ವಿಷಯಕ್ಕೆ ಸೇರಿದ್ದೂ ಅಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

ಇನ್ನು ಲೇಖನದಲ್ಲಿದ್ದ ಎರಡು ಮಾತಿಗೆ ನನ್ನ ತಕರಾರಿದೆ. ಡಬ್ಬಿಯ ಮೀನನ್ನೂ ಹೀಗೇ ಸುಲಭವಾಗಿ ಪರೀಕ್ಷಿಸಬಹುದು ಎಂದಿತ್ತು. ಡಬ್ಬಿಗೆ ಹಾಕುವಾಗ ಒತ್ತಡದಲ್ಲಿ 115 ಡಿಗ್ರಿಗೂ ಮೇಲೆ ಬಿಸಿ ಮಾಡುತ್ತಾರೆ, ಡಿಎನ್‌ಎ ಚೂರುಚೂರಾಗುತ್ತದೆ. 650 ಅಕ್ಷರ ಒಟ್ಟಿಗೆ ಸಿಗುವುದಿಲ್ಲ. ನೂರು, ಇನ್ನೂರು ಅಕ್ಷರಗಳ ಮಿನಿ ಬಾರ್‌ಕೋಡ್ ಓದಬೇಕು, ಅಕ್ಷರ ಕಡಿಮೆಯಾದಷ್ಟೂ ಹತ್ತಿರದ ಜಾತಿಗಳನ್ನು ಬೇರ್ಪಡಿಸುವ ಶಕ್ತಿ ಕಡಿಮೆ. ಹಲವು ಮೀನು ಅರೆದು ಮಾಡಿದ ಪದಾರ್ಥವಾದರೆ ಮಾಮೂಲಿ ವಿಧಾನ ನಡೆಯುವುದೇ ಇಲ್ಲ, ಎಲ್ಲಾ ತುಣುಕುಗಳನ್ನೂ ಬೇರೆ ಬೇರೆಯಾಗಿ ಓದುವ ಮೆಟಾಬಾರ್‌ಕೋಡಿಂಗ್ ಬೇಕು. ಅದೂ ಯಾವ ಮೀನು ಇದೆ ಎಂದು ಹೇಳುತ್ತದೆ, ಯಾವುದು ಎಷ್ಟು ಗ್ರಾಂ ಎಂದು ನಂಬುವಂತೆ ಹೇಳುವುದಿಲ್ಲ. ಎರಡನೆಯದು, ಮೀನು ಎಲ್ಲಿಂದ ಬಂತು ಎಂದೂ ಬಾರ್‌ಕೋಡ್ ಹೇಳುತ್ತದೆ ಎಂದಿತ್ತು. ಇಲ್ಲ. ಬಾರ್‌ಕೋಡ್ ಜಾತಿ ಹೇಳುತ್ತದೆ. ಯಾವ ಸಮುದ್ರದ ಗುಂಪು ಎಂದು ತಿಳಿಯಲು ನ್ಯೂಕ್ಲಿಯಸ್ಸಿನ ಡಿಎನ್‌ಎಯಲ್ಲಿ ಬೇರೆ ಗುರುತುಗಳನ್ನು ಹುಡುಕಬೇಕು. ಕಾಡ್, ಹೆರಿಂಗ್, ಹೇಕ್, ಸೋಲ್ ಮೀನುಗಳಿಗೆ ಯುರೋಪಿನಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ, ಆದರೆ ಅದಕ್ಕೆ ಪ್ರತಿಯೊಂದು ಗುಂಪಿನಿಂದಲೂ ಮೊದಲೇ ಮಾದರಿ ಸಂಗ್ರಹಿಸಿರಬೇಕು. ಹಿಡಿದ ಮೀನೋ ಸಾಕಿದ ಮೀನೋ, ತಾಜಾನೋ ಐಸ್‌ನಲ್ಲಿ ತಿಂಗಳುಗಟ್ಟಲೆ ಇಟ್ಟದ್ದೋ, ಇದಕ್ಕೂ ಬಾರ್‌ಕೋಡ್‌ಗೂ ಸಂಬಂಧವೇ ಇಲ್ಲ.

ಇಷ್ಟು ಬರೆದದ್ದು ನೋಡಿ ನಾನು ಡಿಎನ್‌ಎ ವಿರೋಧಿ ಅಂದುಕೊಳ್ಳಬೇಡಿ. ಒಣಗಿದ ಶಾರ್ಕ್ ರೆಕ್ಕೆಗಳ ಮೂಟೆಯಲ್ಲಿ ಹ್ಯಾಮರ್‌ಹೆಡ್ ಎಷ್ಟು ಎಂದು ಖಚಿತವಾಗಿ ಹೇಳಲು ಬೇರೆ ದಾರಿ ಸುಲಭವಿಲ್ಲ. ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದ 2013ರಲ್ಲಿ ಮೂರು ಹ್ಯಾಮರ್‌ಹೆಡ್ ಜಾತಿಗಳ ವ್ಯಾಪಾರಕ್ಕೆ ಅಂಕುಶ ಹಾಕಲು ಧೈರ್ಯ ಮಾಡಿದಾಗ, ಗುರುತಿಸಬಹುದು ಎಂಬ ಭರವಸೆ ಕೊಟ್ಟದ್ದರಲ್ಲಿ ಇದರ ಪಾಲೂ ಇದೆ. ಮೀನಿನ ಮೊಟ್ಟೆ, ಮರಿಗಳನ್ನು ನೋಡಿ ಯಾವುದು ಎಲ್ಲಿ ಮೊಟ್ಟೆ ಇಡುತ್ತದೆ ಎಂದು ತಿಳಿಯುವುದಕ್ಕೂ ಇದು ಬೇಕೇ ಬೇಕು. ನನ್ನ ತಕರಾರು ಒಂದೇ. ದುಡ್ಡೆಲ್ಲ ಯಂತ್ರಕ್ಕೆ ಹೋಗುತ್ತದೆ. ಮೀನು ಗುರುತಿಸುವುದನ್ನು ಕಲಿತವರು ನಿವೃತ್ತರಾದರೆ ಆ ಜಾಗಕ್ಕೆ ಇನ್ನೊಬ್ಬರು ಬರುವುದಿಲ್ಲ. ಮಾದರಿಗಳನ್ನು ಸ್ಪಿರಿಟ್ಟಿನಲ್ಲಿ ಇಟ್ಟು ಕಾಪಾಡುವ ಕೋಣೆಗೆ ಜಾಗವಿಲ್ಲ ಎನ್ನುತ್ತಾರೆ. ಡಿಎನ್‌ಎ ಓದಿದ ಮೇಲೆ ಮೀನನ್ನು ಎಸೆದುಬಿಟ್ಟರೆ, ಹತ್ತು ವರ್ಷದ ನಂತರ ಹೆಸರಿನ ಬಗ್ಗೆ ಅನುಮಾನ ಬಂದಾಗ ತೆಗೆದು ನೋಡಲು ಏನಿರುತ್ತದೆ?

ಯುರೋಪಿಯನ್ ಒಕ್ಕೂಟ 2013ರ ನಿಯಮದಲ್ಲಿ ಮೀನಿನ ವ್ಯಾಪಾರದ ಹೆಸರಿನ ಜೊತೆ ವೈಜ್ಞಾನಿಕ ಹೆಸರನ್ನೂ ಗ್ರಾಹಕರಿಗೆ ತಿಳಿಸಬೇಕು ಎಂದು ಹೇಳಿದೆ. ಇದು ನನಗೆ ತುಂಬಾ ಹಿಡಿಸಿದ ನಿಯಮ. ವ್ಯಾಪಾರದ ಹೆಸರು ಹತ್ತು ಮೀನಿಗೆ ಒಂದೇ ಇರಬಹುದು, ಹಾಗಿರುವಾಗ ಪರೀಕ್ಷೆ ಮಾಡಿ ತಪ್ಪು ಎಂದು ಹೇಳುವುದಾದರೂ ಯಾವುದರ ಎದುರು? ಮೊದಲು ಲೇಬಲ್ ಮೇಲೆ ಒಂದೇ ಜಾತಿಯನ್ನು ಸೂಚಿಸುವ ಹೆಸರು ಇರಬೇಕು.

ನಿಮ್ಮ ವರದಿಗಾರರಿಗೆ ಒಂದು ಮನವಿ. ಮುಂದಿನ ಸಲ ಇಷ್ಟು ಶೇಕಡಾ ಮೀನು ನಕಲಿ ಎಂಬ ಸುದ್ದಿ ಬಂದಾಗ, ಅಂಕಿ ಹಾಕುವ ಮೊದಲು ಸಂಬಂಧಪಟ್ಟವರನ್ನು ಸ್ವಲ್ಪ ವಿಚಾರಿಸಿ. ಎಷ್ಟು ಮಾದರಿ ನೋಡಿದಿರಿ, ಯಾವ ಜೀನು ಓದಿದಿರಿ, ಟ್ಯೂನಾದಂಥ ಮೀನಾದರೆ ಎರಡನೇ ಜೀನು ನೋಡಿದಿರಾ, ಹೋಲಿಸಿದ ದಾಖಲೆಯ ಮೀನನ್ನು ಯಾರು ಗುರುತಿಸಿದ್ದು, ಆ ಮೀನು ಈಗ ಯಾವ ಸಂಗ್ರಹಾಲಯದಲ್ಲಿದೆ. ಕೊನೆಯ ಎರಡು ಪ್ರಶ್ನೆಗೆ ಉತ್ತರ ಸಿಗದಿದ್ದರೆ ಅದನ್ನೂ ಸುದ್ದಿಯಲ್ಲಿ ಬರೆಯಿರಿ.

ಇಂತಿ,
ನಿಮ್ಮ ಓದುಗ